ನೈಸಿಯಾದಲ್ಲಿ ಮುಗಿಯದ ವಾದ

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಸೇರುವ ನಮ್ಮ ಗುಂಪಿನಲ್ಲಿ ಮಾತು ಧರ್ಮದ ಇತಿಹಾಸದತ್ತ ಹೊರಳಿದಾಗಲೆಲ್ಲ, ಯೇಸುವನ್ನು ದೇವರನ್ನಾಗಿ ಮಾಡಿದ್ದೇ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್, ಅದೂ ಕ್ರಿ.ಶ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದು ಕೈ ಎತ್ತಿಸಿ, ಎಂದು ಯಾರಾದರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಕೇಳಲು ಸೊಗಸಾದ ಈ ಕಥೆ ದಾಖಲೆಗಳ ಮುಂದೆ ನಿಲ್ಲುವುದಿಲ್ಲ. ಆ ಸಭೆಗೆ ಎರಡು ಶತಮಾನಗಳಿಗೂ ಹಿಂದೆಯೇ ಬಿಥೀನಿಯಾ ಪ್ರಾಂತ್ಯದ ಅಧಿಕಾರಿ ಪ್ಲಿನಿ, ಕ್ರೈಸ್ತರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ಚಕ್ರವರ್ತಿ ಟ್ರಾಜನ್‌ಗೆ ಬರೆದಿದ್ದಾನೆ.

ಜಗಳವಿದ್ದದ್ದು ಆ ದೈವತ್ವ ಎಂಥದು ಎಂಬುದರಲ್ಲಿ. ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸ್ ಕೂಡ ಯೇಸುವನ್ನು ಬರಿಯ ಮನುಷ್ಯನೆಂದವನಲ್ಲ. ಮಗನು, ಅಂದರೆ ಕ್ರಿಸ್ತನು, ಸಕಲ ಸೃಷ್ಟಿಗಿಂತ ಮೊದಲಿನವನು, ಆದರೂ ತಂದೆಯಾದ ದೇವರಂತೆ ಅನಾದಿಯಲ್ಲ, ತಂದೆಯ ಸಂಕಲ್ಪದಿಂದ ಉಂಟಾದವನು, ಆದ್ದರಿಂದ ಅವನಿಲ್ಲದ ಸ್ಥಿತಿಯೊಂದು ಇತ್ತು ಎನ್ನುವುದು ಅವನ ವಾದ. ದೇವರೊಬ್ಬನೇ ಎಂಬ ನಂಬಿಕೆಗೆ ಧಕ್ಕೆ ಬರಬಾರದೆಂಬ ಕಾಳಜಿ ಅದರ ಹಿಂದಿತ್ತು. ಅವನ ಬಿಷಪ್ ಅಲೆಕ್ಸಾಂಡರ್, ತಂದೆ ಎಂದೆಂದಿಗೂ ತಂದೆಯೇ ಆಗಿದ್ದರೆ ಮಗನೂ ಎಂದೆಂದಿಗೂ ಇರಲೇಬೇಕಲ್ಲ ಎಂದು ತಿರುಗಿ ಕೇಳಿದ. ಮುಂದೆ ಅದೇ ಪೀಠಕ್ಕೆ ಬಂದ ಅಥನೇಸಿಯಸ್‌ನ ಪ್ರಶ್ನೆ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ: ತಾನೇ ಸೃಷ್ಟಿಯಾದವನು ಉಳಿದ ಸೃಷ್ಟಿಯನ್ನು ದೇವರೊಡನೆ ಕೂಡಿಸುವುದು ಹೇಗೆ? ಜೀವ ಮತ್ತು ಈಶ್ವರರ ಸಂಬಂಧದ ಚರ್ಚೆಯನ್ನು ಮೇಲುಕೋಟೆಯ ವಿದ್ವಾಂಸರ ಬಾಯಲ್ಲಿ ಕೇಳಿದ ನಮ್ಮ ಸೀಮೆಯವರಿಗೆ ಇಂಥ ಸೂಕ್ಷ್ಮ ಹೊಸದೇನಲ್ಲ.

ಮಗನು ತಂದೆಯೊಂದಿಗೆ ಒಂದೇ ಸತ್ತ್ವದವನೆಂದು ನೈಸಿಯಾ ಸಭೆ ತನ್ನ ವಿಶ್ವಾಸ ಪ್ರಮಾಣದಲ್ಲಿ, ಅಂದರೆ ನಂಬಿಕೆಯ ಘೋಷಣೆಯಲ್ಲಿ, ಸಾರಿತು. ಚಕ್ರವರ್ತಿಯೇ ಎದುರಿಗೆ ಕೂತಿದ್ದಾಗ ಸಹಿ ಹಾಕದೆ ಉಳಿದವರು ಲಿಬಿಯಾದ ಇಬ್ಬರು ಬಿಷಪ್‌ಗಳು ಮಾತ್ರ. ಏರಿಯಸ್‌ನೊಂದಿಗೆ ಅವರೂ ಗಡಿಪಾರಾದರು. ಸಹಿ ಹಾಕಿದ ಕೈಸರೈಯಾದ ಬಿಷಪ್ ಯೂಸೇಬಿಯಸ್, ತಾನು ಅದನ್ನು ಯಾವ ಅರ್ಥದಲ್ಲಿ ಒಪ್ಪಿಕೊಂಡೆನೆಂದು ತನ್ನ ಊರಿನ ಸಭೆಗೆ ಪತ್ರ ಬರೆದು ಸಮಜಾಯಿಷಿ ಕೊಡಬೇಕಾಯಿತು.

ಅರಸನ ಬಲದಿಂದ ವಾದ ಇತ್ಯರ್ಥವಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಆದದ್ದು ಬೇರೆ. ಕಾನ್‌ಸ್ಟಂಟೈನನೇ ಗಡಿಪಾರಾದವರನ್ನು ಹಿಂದಕ್ಕೆ ಕರೆಸಿದ. 337ರಲ್ಲಿ ಸಾವು ಹತ್ತಿರವಾದಾಗ ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದು ಏರಿಯಸ್‌ನ ಬೆಂಬಲಿಗನಾಗಿದ್ದ ಮತ್ತೊಬ್ಬ ಯೂಸೇಬಿಯಸ್, ನಿಕೊಮೀಡಿಯಾದ ಬಿಷಪ್. ನೈಸಿಯಾವನ್ನು ಬಿಡದೆ ಹಿಡಿದ ಅಥನೇಸಿಯಸ್ ಐದು ಬಾರಿ ಪೀಠ ಬಿಟ್ಟು ಹೋಗಬೇಕಾಯಿತು. 359ರಲ್ಲಿ ಮತ್ತೊಬ್ಬ ಚಕ್ರವರ್ತಿಯ ಒತ್ತಾಯಕ್ಕೆ ಸೇರಿದ ಸಭೆಗಳು, ಮಗನು ತಂದೆಯನ್ನು ಹೋಲುವವನು ಎಂದಷ್ಟೇ ಹೇಳಿ ಸುಮ್ಮನಾದವು. ನೈಸಿಯಾದ ನಿಲುವು ಗಟ್ಟಿಯಾಗಿ ನಿಂತದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ. ಇಂದು ನೈಸಿಯಾದ ವಿಶ್ವಾಸ ಪ್ರಮಾಣವೆಂದು ಚರ್ಚುಗಳಲ್ಲಿ ಪಠಿಸುವುದೂ ಆ ಸಭೆಯ ಹೆಸರಿನಲ್ಲಿ ಬಂದ ವಿಸ್ತೃತ ಪಾಠವನ್ನೇ. 325ರ ಪಾಠದ ಕೊನೆಯಲ್ಲಿ ಏರಿಯಸ್‌ನ ಮಾತುಗಳನ್ನೇ ಎತ್ತಿ ಹೇಳಿ ಹಾಕಿದ್ದ ಬಹಿಷ್ಕಾರದ ವಾಕ್ಯಗಳು ಅದರಲ್ಲಿಲ್ಲ.