ಜೋನಿ ಬೆಲ್ಲದ ತಳದ ಹರಳು

ಶಿರಸಿ, 14 ಜೂನ್ 2025, ಶನಿವಾರ

ನಮ್ಮಲ್ಲಿ ಜೋನಿ ಬೆಲ್ಲ, ಅಂದರೆ ಅಚ್ಚು ಹಾಕದ ತೆಳು ಬೆಲ್ಲ, ತರಿಸಿಕೊಂಡ ಬೆಂಗಳೂರಿನ ಗ್ರಾಹಕರೊಬ್ಬರು ಗೂಗಲ್‌ನಲ್ಲಿ ನಮ್ಮ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟಿದ್ದಾರೆ. "ಜೋನಿ ಬೆಲ್ಲಕ್ಕೆ ಸಕ್ಕರೆ ಬೆರೆಸಿದ್ದಾರೆ, ತಳದಲ್ಲಿ ಹರಳು ಕೂತಿದೆ" ಅಂತ ಬರೆದು ಬಾಟಲಿಯ ಫೋಟೋನೂ ಹಾಕಿದ್ದಾರೆ. ಅತ್ತಿಗೆಗೆ ಸಿಟ್ಟು ಬಂತು. "ಅಂಥವರಿಗೆ ಉತ್ತರ ಕೊಡೋದೇ ಬೇಡ, ಸುಮ್ನೆ ಇದ್ಬಿಡು" ಎಂದರು. ನನಗೆ ಹಾಗನ್ನಿಸಲಿಲ್ಲ. ಅವರು ಸುಳ್ಳೇನೂ ಹೇಳಿಲ್ಲ, ಹರಳು ಇರುವುದು ನಿಜ. ನಮ್ಮ ಕಡೆ ಮಕ್ಕಳು ಬೆಲ್ಲದ ಡಬ್ಬಿಯ ತಳ ಕೆರೆದು ಅದನ್ನೇ ತಿನ್ನುತ್ತಾರೆ. ಆಲೆಮನೆಯನ್ನೇ ನೋಡದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಉತ್ತರ ಬರೆದೆ. "ನಮಸ್ಕಾರ. ನೀವು ನೋಡಿದ್ದು ಸರಿ, ಹರಳು ಇದೆ. ಆದರೆ ಹೊರಗಿನಿಂದ ಬೆರೆಸಿದ ಸಕ್ಕರೆ ಅಲ್ಲ. ಕಬ್ಬಿನ ಹಾಲನ್ನು ಅಚ್ಚು ಬೆಲ್ಲದ ಪಾಕ ಬರುವವರೆಗೆ ಕಾಯಿಸದೆ, ಅದಕ್ಕಿಂತ ಮೊದಲೇ ಕೊಪ್ಪರಿಗೆ ಇಳಿಸಿದರೆ ಜೋನಿ ಬೆಲ್ಲ. ಇಟ್ಟಷ್ಟು ದಿನ ಕಬ್ಬಿನಲ್ಲಿದ್ದ ಸಕ್ಕರೆಯೇ ಹರಳುಗಟ್ಟಿ ತಳ ಸೇರುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಡಿ, ಕರಗುತ್ತದೆ. ಆಮೇಲೂ ಬೇಡ ಅನ್ನಿಸಿದರೆ ದುಡ್ಡು ವಾಪಸ್ ಹಾಕುತ್ತೇವೆ."

ಇದನ್ನು ಅವರಿಗೆ ವಾಟ್ಸಾಪ್‌ನಲ್ಲಿ ಕಳಿಸಿ ಮುಗಿಸಬಹುದಿತ್ತು. ಆದರೆ ಅನುಮಾನ ಬರೆದಿದ್ದು ನಾಲ್ಕು ಜನ ಓದುವ ಜಾಗದಲ್ಲಿ. ನಾಳೆ ಇನ್ಯಾರೋ ನಮ್ಮ ಅಂಗಡಿ ಹುಡುಕಿದಾಗ ಎರಡನ್ನೂ ಒಟ್ಟಿಗೆ ಓದಲಿ ಅಂತ ಅಲ್ಲೇ ಹಾಕಿದೆ.

ಆ ಗ್ರಾಹಕರ ವಾಟ್ಸಾಪ್‌ಗೆ ಒಂದು ವಿಡಿಯೋನೂ ಕಳಿಸಿದೆ. ಮನೆ ಖರ್ಚಿನ ಡಬ್ಬಿಗೆ ಸೌಟು ಇಳಿಸಿ ತಳದಿಂದ ಎತ್ತಿದೆ. ತೆಳು ಬೆಲ್ಲ ನೂಲಿನ ಹಾಗೆ ಇಳಿದುಹೋಗಿ, ಸೌಟಿನಲ್ಲಿ ಕಂದು ಹರಳು ಮಾತ್ರ ಉಳಿಯಿತು. ವಿಡಿಯೋ ಹಿಡಿದ ಮಗಳು ಬಣ್ಣ ಹೊಳೆಯಲಿ ಅಂತ ಫಿಲ್ಟರ್ ಹಾಕಲು ಹೊರಟಳು. ಬೇಡ ಅಂದೆ. ಫೋನಿನಲ್ಲಿ ಕೆಂಪಗೆ ಕಂಡಿದ್ದು ಮನೆಗೆ ಕಪ್ಪಗೆ ಬಂದರೆ ಮತ್ತೆ ಅನುಮಾನ ಶುರು, ಅಲ್ವಾ?

ಸಂಜೆ ಅವರದ್ದು ಮೆಸೇಜ್: "ಅಕ್ಕಾ, ಬಿಸಿನೀರಲ್ಲಿ ಇಟ್ಟಿದ್ದೇನೆ. ನೋಡಿ ಹೇಳ್ತೇನೆ." ಸ್ಟಾರ್ ಇನ್ನೂ ಒಂದೇ ಇದೆ. ಇರಲಿ.

ನಮ್ಮಂಥ ಸಣ್ಣ ವ್ಯಾಪಾರದವರಿಗೆ 'ಇಲ್ಲ' ಅನ್ನಲು ಹೆದರಿಕೆ ಜಾಸ್ತಿ. ಅಪ್ಪೆಮಿಡಿ ಉಪ್ಪಿನಕಾಯಿ ಖಾಲಿಯಾಗಿದ್ದರೆ 'ಇಲ್ಲ' ಅನ್ನುವ ಬದಲು ಮೆಸೇಜ್ ನೋಡಿ ಸುಮ್ಮನಾಗಿಬಿಡುತ್ತಾರೆ. ಆ ಕಡೆಯವರಿಗೆ ಎರಡು ನೀಲಿ ಗೀಟು ಕಾಣುತ್ತಿರುತ್ತದೆ. ಇಲ್ಲ ಅಂದರೆ ಯಾರೂ ಬೇಜಾರಾಗುವುದಿಲ್ಲ, ಮುಂದಿನ ವರ್ಷ ಮಿಡಿ ಬಂದಾಗ ಹೇಳಿ ಅಂತಾರೆ. ಉತ್ತರವೇ ಬರದಿದ್ದರೆ ಮತ್ತೆ ಕೇಳುವುದಿಲ್ಲ.

ಈ ವರ್ಷ ಮೇ ಕೊನೆಗೇ ಮಳೆ ಹಿಡಿಯಿತು. ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಉತ್ತರ ಹೋಗುವ ವ್ಯವಸ್ಥೆ ಇದೆ ನಿಜ, ಆದರೆ ನಮ್ಮ ಫೋನಿಗೆ ಇಂಟರ್ನೆಟ್ ಇಲ್ಲದಿದ್ದರೆ ಅದೂ ಹೋಗುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಸ್ಟೇಟಸ್ ಹಾಕುತ್ತೇನೆ: "ಇಲ್ಲಿ ಜೋರು ಮಳೆ, ಉತ್ತರ ತಡವಾಗಬಹುದು." ಒಂದೇ ಮೆಸೇಜನ್ನು ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಕಳಿಸಿದ್ದು ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಅದಕ್ಕೇ ಪಾರ್ಸೆಲ್ ಒಳಗಿನ ಚೀಟಿಯಲ್ಲಿ 'ನಂಬರ್ ಸೇವ್ ಮಾಡಿಕೊಳ್ಳಿ' ಅಂತ ಕೈಯಲ್ಲೇ ಬರೆದಿಡುತ್ತೇನೆ. ಸ್ಪೀಡ್ ಪೋಸ್ಟ್ ರಸೀದಿಯ ಫೋಟೋ ಆ ದಿನವೇ ಕಳಿಸಿದರೆ 13 ಅಕ್ಷರದ ನಂಬರ್ ಹಾಕಿ ಅವರೇ ನೋಡಿಕೊಳ್ಳುತ್ತಾರೆ, 'ಎಲ್ಲಿಗೆ ಬಂತು' ಅನ್ನುವ ಫೋನು ಬರುವುದಿಲ್ಲ.

ರಾತ್ರಿ ಮೈಸೂರಿನ ಒಬ್ಬರು ತೊಡದೇವು ಕೇಳಿದರು, ಮಗಳ ಸೀಮಂತಕ್ಕಂತೆ. ಬೋರಲು ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು ಬಳಿದು ಎಬ್ಬಿಸುವ ತೆಳು ತಿಂಡಿ ಅದು. ಈ ಥಂಡಿಗೆ ದಾರಿಯಲ್ಲೇ ಮೆತ್ತಗಾಗುತ್ತದೆ, ಇಲ್ಲವೇ ಪುಡಿಯಾಗುತ್ತದೆ. ಕಳಿಸುವುದಿಲ್ಲ ಎಂದೆ, ಕಾರಣವನ್ನೂ ಹೇಳಿದೆ. ಹಲಸಿನ ಹಪ್ಪಳ ಬೇಸಿಗೆಯಲ್ಲೇ ಒಣಗಿಸಿಟ್ಟಿದ್ದು ಇದೆ ಎಂದಾಗ "ಅದನ್ನೇ ಕಳಿಸಿ, ತೊಡದೇವು ಮಳೆಗಾಲ ಮುಗಿದ ಮೇಲೆ ತಗೋತೇನೆ" ಎಂದರು. ಹಪ್ಪಳ ಸೋಮವಾರದ ಪೋಸ್ಟಿಗೆ ಹಾಕಬೇಕು.