ಹೊಂಗೆ ಬೋಳಾಗಿದ್ದ ದಿನಗಳು

ತುಮಕೂರಿನಲ್ಲಿ ಶಿವರಾತ್ರಿ ಕಳೆದರೆ ಬಿಸಿಲು ಚುರುಕಾಗುತ್ತದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಮನೆ ಮುಂದಿನ ಹೊಂಗೆ ಎಲೆಯೆಲ್ಲ ಉದುರಿಸಿ ನಿಲ್ಲುತ್ತದೆ. ಹಳಬರಿಗೆ ಇದು ಗೊತ್ತು. ಈ ಸಲ ಗಾಬರಿಯಾದವರು ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು. ಭಾನುವಾರ ಬೆಳಗ್ಗೆ ಗೇಟಿನ ಹತ್ತಿರ ನಿಂತು, "ಸಾರ್, ಮರ ಒಣಗಿಹೋಗಿದೆ. ಕೊಂಬೆ ಕಾರಿನ ಮೇಲೆ ಬೀಳೋದರೊಳಗೆ ಕಡಿಸಿಬಿಡೋಣ" ಎಂದರು.

ರಸ್ತೆ ಬದಿಯ ಮರವನ್ನು ಹಾಗೆ ಸುಮ್ನೆ ಕಡಿಸಲು ಬರುವುದಿಲ್ಲ. ಕರ್ನಾಟಕದಲ್ಲಿ 1976ರಿಂದ ಮರ ಸಂರಕ್ಷಣೆಯ ಕಾಯ್ದೆ ಇದೆ, ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ಕಾನೂನು ಹೇಳಿ ಪಕ್ಕದವರ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಮರದ ಹತ್ತಿರವೇ ಕರೆದುಕೊಂಡು ಹೋದೆ.

ಕೈಗೆಟುಕುವ ರೆಂಬೆಯೊಂದನ್ನು ಬಗ್ಗಿಸಿ, ಉಗುರಿನಲ್ಲಿ ಸ್ವಲ್ಪ ಕೆರೆದೆ. ಬೂದು ಸಿಪ್ಪೆಯ ಕೆಳಗೆ ಹಸಿ ಹಸಿರು. ಎಲೆ ಕಳಚಿದ ಗುರುತಿನ ಮೇಲೆ ಸಾಸಿವೆ ಕಾಳಿನಷ್ಟು ಮೊಗ್ಗು. ಕೆಲವು ಆಗಲೇ ಬಿರಿದು, ತುದಿಯಲ್ಲಿ ಕೆಂಪು ಮಿಶ್ರಿತ ಚಿಗುರು ಇಣುಕುತ್ತಿತ್ತು. ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಮತ್ತೆ ಈ ಒಣ ಕಾಯಿಗಳು?" ಎಂದು ಕೇಳಿದರು. ಒಳ್ಳೆ ಪ್ರಶ್ನೆ. ಅವು ಹೋದ ಯುಗಾದಿ ಹೊತ್ತಿಗೆ ಬಿಟ್ಟ ಹೂವಿನ ಕಾಯಿಗಳು. ಹೊಂಗೆ ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಒಣಗಿದರೂ ಅವರೆಯ ಹಾಗೆ ಸಿಡಿಯುವುದಿಲ್ಲ. ಗಟ್ಟಿ ಸಿಪ್ಪೆಯೊಳಗೆ ಸಾಮಾನ್ಯವಾಗಿ ಒಂದೇ ಬೀಜ.

ಈ ಮರವೂ ಅಂಥದೊಂದು ಬೀಜದಿಂದಲೇ ಬಂದದ್ದು. ತಂಗಿಯ ಹೊಲದ ಬದುವಿನಿಂದ ತಂದ ಬೀಜ. ಹೊಂಗೆಗೆ ಏನೂ ಉಪಚಾರ ಬೇಡ. ಚೀಲದ ಮಣ್ಣಿನಲ್ಲಿ ಹಾಕಿ ನೀರು ಕೊಟ್ಟರೆ ಒಂದೆರಡು ವಾರದಲ್ಲಿ ಮೊಳಕೆ. ಎಲೆ ಕಹಿ, ಅದಕ್ಕೇ ಮೇಕೆಗಳೂ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಮೊದಲ ಬೇಸಿಗೆಗಳಲ್ಲಿ ಬಕೆಟ್ ನೀರು ಹಾಕಿದ್ದು ಬಿಟ್ಟರೆ ನಾನು ಮಾಡಿದ್ದು ಕಡಿಮೆ.

ಜಾಸ್ತಿ ಮಾಡಿದ್ದು ನೋಡುವ ಕೆಲಸ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಮೈಸೂರಿನಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅದನ್ನು ನಡೆಸುತ್ತಾರೆ. ಯಾರು ಬೇಕಾದರೂ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ ಬರೆಯಬಹುದು. ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂವು, ಕಾಯಿ, ಹಣ್ಣು, ಪ್ರತಿಯೊಂದಕ್ಕೂ 'ಇಲ್ಲ', 'ಕೆಲವು' ಅಥವಾ 'ತುಂಬಾ' ಎಂದು ಗುರುತು ಹಾಕಬೇಕು, ಅಷ್ಟೇ. ದೇಶದ ಬೇರೆ ಬೇರೆ ಕಡೆಯಿಂದ ಬಂದ ಇಂಥ ಲೆಕ್ಕ ಸೇರಿದರೆ, ಮರಗಳ ಕಾಲ ಹಿಂದೆ ಮುಂದೆ ಆಗುತ್ತಿದೆಯಾ ಎಂದು ನೋಡಬಹುದು.

ಹೇಳುವಷ್ಟು ಸುಲಭವಲ್ಲ ಬಿಡಿ. ಹೊಂಗೆ ಒಂದೇ ದಿನ ಬೋಳಾಗುವುದಿಲ್ಲ. ಕಾಲುವೆ ಕಡೆಯ ಕೊಂಬೆ ಹಳದಿಯಾಗಿರುತ್ತದೆ, ಮನೆ ಕಡೆಯದು ಇನ್ನೂ ಹಸಿರು. ಅದೇ ಬೀದಿಯ ಕೊನೆಯ ಮರ ಆಗಲೇ ಚಿಗುರಿ ಮಿರಮಿರ ಹೊಳೆಯುತ್ತಿರುತ್ತದೆ. ಎಲ್ಲ ಬೀಜದ ಗಿಡಗಳು, ಒಂದರ ಗುಣ ಇನ್ನೊಂದಕ್ಕಿಲ್ಲ. 'ಕೆಲವು' ಎನ್ನಬೇಕೋ 'ತುಂಬಾ' ಎನ್ನಬೇಕೋ ಅಂತ ಕತ್ತೆತ್ತಿ ನಿಂತಾಗ, ಇಸ್ತ್ರಿ ಗಾಡಿಯವರು ನಗುತ್ತಾರೆ. ಅವರ ಲೆಕ್ಕ ನನ್ನದಕ್ಕಿಂತ ಚೊಕ್ಕ. ನಮ್ಮ ಮರ ಬೋಳಾದ ದಿನ ಗಾಡಿ ಬೀದಿ ಕೊನೆಗೆ ಹೋಗುತ್ತದೆ, ಚಿಗುರು ಬಲಿತು ನೆರಳು ಕೂಡಿದ ದಿನ ವಾಪಸ್ ಬರುತ್ತದೆ. ಈಗೀಗ ನಾನು ಗಾಡಿ ಎಲ್ಲಿದೆ ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಸೀಸನ್‌ವಾಚ್‌ನವರು ಕೇಳಿಲ್ಲ, ಇರಲಿ.

ಎದುರು ಮನೆಯವರಿಗೆ ಫೋನಿನಲ್ಲಿ ಹಿಂದಿನ ವರ್ಷಗಳ ದಾಖಲೆ ತೋರಿಸಿದೆ. ಪ್ರತಿ ವರ್ಷವೂ ಫೆಬ್ರವರಿ-ಮಾರ್ಚ್ ನಡುವೆ ಬಲಿತ ಎಲೆ 'ಇಲ್ಲ', ಆಮೇಲೆ ಚಿಗುರು 'ತುಂಬಾ'. ಒಂದು ವರ್ಷ ಮಾತ್ರ ಚಿಗುರು ಎರಡು ಸಲ ಬಂದಿದೆ. ಆಗ ಕಾಮನ್ ಬ್ಯಾಂಡೆಡ್ ಆಲ್ ಎಂಬ ಚಿಟ್ಟೆಯ ಹುಳುಗಳು ಎಳೆ ಎಲೆಗಳನ್ನು ದಿಂಡು ಬಿಟ್ಟು ಎಲ್ಲ ಮೇಯ್ದಿದ್ದವು. ಬಿಳಿ ಅಂಗಿಗಳ ಮೇಲೆ ಹಿಕ್ಕೆ ಬೀಳುತ್ತದೆ ಅಂತ ಇಸ್ತ್ರಿಯವರು ಬೈದಿದ್ದರು. ಔಷಧಿ ಹೊಡೆಯಲಿಲ್ಲ, ಮರ ಮತ್ತೆ ಚಿಗುರಿತು. ಎಲೆ ಮೇಲೆ ಬೆರಳಿನಂತೆ ಎದ್ದು ನಿಲ್ಲುವ ಗಂಟುಗಳೂ ಅಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮಾಡುವ ಕೆಲಸ ಅದು, ಮರಕ್ಕೆ ಜೀವಭಯವಿಲ್ಲ.

"ಸರಿ, ಎರಡು ವಾರ ನೋಡೋಣ" ಎಂದರು ಅವರು. ಅಷ್ಟು ದಿನವೂ ಬೇಕಾಗಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ಮರದ ಮೇಲರ್ಧ ಎಳೆ ಹಸಿರಾಗಿತ್ತು, ಕಾರೂ ನೆರಳು ಹುಡುಕಿಕೊಂಡು ಮರದ ಕೆಳಗೇ ಬಂದಿತ್ತು.

ಯುಗಾದಿ ಹೊತ್ತಿಗೆ ಹೂವು ಶುರುವಾಯಿತು. ತಿಳಿ ನೇರಳೆ ಮಿಶ್ರಿತ ಬಿಳಿ ಹೂವು, ದಿನವಿಡೀ ಜೇನು. ಬೆಳಗ್ಗೆ ಕಾರಿನ ಮೇಲೆ ಒಂದು ಪದರ. ಈ ಬಾರಿ ಹೂವಿನ ದೂರು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಉದುರಿದ ಹೊಂಗೆ ಹೂವು ಕೊಳೆತರೆ ಗುಲಾಬಿಗೆ ಒಳ್ಳೆ ಗೊಬ್ಬರ ಅಂತ ಅವರ ಮನೆಯವರಿಗೆ ಯಾರೋ ಹೇಳಿದ್ದಾರೆ. ನಾನು ಪೊರಕೆ ಹಿಡಿದು ಬರುವುದರೊಳಗೆ ಅವರು ಗುಡಿಸಿ ಚೀಲಕ್ಕೆ ತುಂಬಿಕೊಂಡಿರುತ್ತಾರೆ. ನಮ್ಮ ಕುಂಡಗಳ ಪಾಲು ಈ ವರ್ಷ ಅರ್ಧಕ್ಕರ್ಧ ಕಡಿಮೆ.