ದೊಡ್ಡಪ್ಪನ ಕಿಡ್ನಿ, ಅಪ್ಪಯ್ಯನ ಕಿಡ್ನಿ

ದೊಡ್ಡಪ್ಪನಿಗೆ ಈಗ 81. ಸಕ್ಕರೆ ಕಾಯಿಲೆ ಬಂದು 30 ವರ್ಷ ದಾಟಿತು. ಮೊನ್ನೆ ಶಿರಸಿಯಿಂದ ಊರಮನೆಗೆ ಹೋದಾಗ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದ. ಪಕ್ಕದಲ್ಲಿ ಬಾಳೆಲೆ ಚೂರಿನ ಮೇಲೆ ತೊಡೆದೇವು. ಬೋರಲು ಹಾಕಿದ ಬಿಸಿ ಗಡಿಗೆಯ ಬೆನ್ನಿಗೆ ಕಬ್ಬಿನಹಾಲಿನ ಹಿಟ್ಟು ಬಳಿದು, ಕಾಗದದ ಹಾಗೆ ಎಬ್ಬಿಸಿ ಮಡಚುತ್ತಾರಲ್ಲ, ಅದೇ ಸಿಹಿ. ನಾನು ದುರುಗುಟ್ಟಿ ನೋಡಿದ್ದಕ್ಕೆ, "ಒಂದು ತಿಂದ್ರೆ ಎಂತೂ ಆಗ್ತಿಲ್ಲೆ ಕೂಸೆ" ಅಂದ. ಎಲೆಯ ಮೇಲೆ ಮೂರಿದ್ದವು.

ಅವನಿಗೆ ನಿಜಕ್ಕೂ ಎಂತದೂ ಆಗಿಲ್ಲ.

ಅಪ್ಪಯ್ಯ ಅವನಿಗಿಂತ ಎರಡು ವರ್ಷ ಚಿಕ್ಕವನು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಅಪ್ಪಯ್ಯ ಅನ್ನ ಕಮ್ಮಿ ಮಾಡಿದ, ಟೀಗೆ ಸಕ್ಕರೆ ಬಿಟ್ಟ, ದಿನಾ ತೋಟ ಸುತ್ತಿದ. ಆದರೂ ಕಿಡ್ನಿ ಕೈಕೊಟ್ಟಿತು. ಆಗ ಹತ್ತಿರದಲ್ಲಿ ಡಯಾಲಿಸಿಸ್‌ಗೆ ಜಾಗ ಸಿಗದೆ, ವಾರಕ್ಕೆರಡು ಸಲ ನೂರು ಕಿಲೋಮೀಟರ್ ಬಸ್ಸಿನಲ್ಲಿ ಹುಬ್ಬಳ್ಳಿಗೆ. 2016ರಲ್ಲಿ ತೀರಿಕೊಂಡ.

ಬಂದವರೆಲ್ಲ ಹೇಳಿದ್ದು ಒಂದೇ ಮಾತು, "ಬಾಯಿ ಕಟ್ಟಲಿಲ್ಲ." ಬೇರೆಯವರ ಮಾತು ಬಿಡಿ, ನಾನೂ ಅದನ್ನೇ ಹೇಳಿದ್ದೆ. ಒಂದು ಸಲ ಜೋನಿಬೆಲ್ಲದ ಡಬ್ಬಿಯಲ್ಲಿ ಚಮಚ ಕಂಡು, ನೆಂಟರ ಎದುರಿಗೇ ಬೈದಿದ್ದೆ. ಅಪ್ಪಯ್ಯ ಏನೂ ಹೇಳಲಿಲ್ಲ. ಚಮಚ ತೊಳೆದು, ಒರೆಸಿ, ಗೂಟದ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿ ಹೊರಗೆ ಹೋದ.

ಈಚೆಗೆ ನನಗೂ ಸಕ್ಕರೆ ಕಾಯಿಲೆ ಅಂತಾದ ಮೇಲೆ ಓದಲು ಶುರು ಮಾಡಿದೆ. ಸಕ್ಕರೆ ಇದ್ದವರೆಲ್ಲರ ಕಿಡ್ನಿಯೂ ಕೆಡುವುದಿಲ್ಲ, ಹತ್ತರಲ್ಲಿ ಮೂರು-ನಾಲ್ಕು ಜನಕ್ಕೆ ಮಾತ್ರ ಅಂತೆ. ಸಕ್ಕರೆ, ಬಿಪಿ ಎರಡೂ ಜಾಸ್ತಿ ಇದ್ದರೆ ಅಪಾಯ ಜಾಸ್ತಿ, ಅದು ಸರಿ. ಆದರೆ ಅಷ್ಟೇ ಅಲ್ಲ. 1989ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ, ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಸಕ್ಕರೆ ಕಾಯಿಲೆಯಿದ್ದ ಮನೆಗಳನ್ನು ಹಿಡಿದು ನೋಡಿದರು. ಒಬ್ಬರ ಕಿಡ್ನಿ ಕೆಟ್ಟಿದ್ದರೆ, ಸಕ್ಕರೆ ಕಾಯಿಲೆಯಿದ್ದ ಅವರ ಒಡಹುಟ್ಟಿದವರಲ್ಲಿ ಶೇಕಡಾ 83 ಜನಕ್ಕೂ ಕಿಡ್ನಿ ತೊಂದರೆ ಇತ್ತು. ಕೆಟ್ಟಿರದಿದ್ದರೆ ಶೇಕಡಾ 17. ಚಿಕ್ಕ ಅಧ್ಯಯನ ಅದು. ಒಂದೇ ಮನೆ, ಒಂದೇ ಊಟ, ಅದಕ್ಕೇ ಹಾಗಾಗಿರಬಹುದು ಅಂತ ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆ.

ಆಮೇಲೆ ನೇರವಾಗಿ ಜೀನ್‌ಗಳನ್ನೇ ಹುಡುಕಿದರು. 2019ರಲ್ಲಿ ಸುಮಾರು 20,000 ಜನರ ಡಿಎನ್‌ಎ ನೋಡಿದಾಗ ಸಿಕ್ಕಿದ್ದರಲ್ಲಿ ಒಂದು ಸಿಓಎಲ್‌4ಎ3 ಅನ್ನುವ ಜೀನ್. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ಆ ಜರಡಿಯ ಪೊರೆಗೆ ಬೇಕಾದ ಕೊಲ್ಲಾಜನ್ ಅನ್ನುವ ಪ್ರೋಟೀನಿನ ಎಳೆಯೊಂದನ್ನು ಮಾಡಿಸುವುದು ಈ ಜೀನ್. ಸಕ್ಕರೆಯಿಂದ ಪೊರೆ ದಪ್ಪವಾಗುತ್ತಾ ಹೋಗುತ್ತದೆ, ಮಜಾ ಅಂದರೆ ದಪ್ಪವಾದಷ್ಟೂ ಸೋರುತ್ತದೆ. ಈ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ದವರಿಗೆ ಪೊರೆ ತೆಳ್ಳಗೇ ಇತ್ತು, ಕಿಡ್ನಿ ತೊಂದರೆಯೂ ಕಮ್ಮಿ. ಅದರ ಪ್ರಯೋಜನ ಎದ್ದು ಕಂಡಿದ್ದು ಸಕ್ಕರೆ ಜಾಸ್ತಿ ಇದ್ದವರಲ್ಲೇ!

ಇಲ್ಲಿಗೆ ಓದುವಾಗ ಕಣ್ಣ ಮುಂದೆ ಬಂದಿದ್ದು ಬಾಳೆಲೆಯ ಮೇಲಿನ ಆ ಮೂರು ತೊಡೆದೇವು.

ಹಾಗಂತ ದೊಡ್ಡಪ್ಪನಲ್ಲಿ ಅದೇ ಅಕ್ಷರ ಇದೆ ಅಂತಲ್ಲ. ಆ ಅಧ್ಯಯನದಲ್ಲಿದ್ದವರು ಯುರೋಪ್ ಮೂಲದವರು, ಹೆಚ್ಚಾಗಿ ಎಳೆವಯಸ್ಸಿನಲ್ಲೇ ಶುರುವಾಗುವ ಟೈಪ್ 1 ಕಾಯಿಲೆಯವರು. ನಮ್ಮ ಮನೆಯದು ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವ ಟೈಪ್ 2. ಒಂದೇ ಜೀನಿನ ಆಟವೂ ಅಲ್ಲ, ಹಲವು ಸೇರುತ್ತವೆ. ನಮ್ಮ ದೇಶದ 10,000 ಜನರ ಜೀನೋಮ್ (ಅಂದರೆ ಪೂರ್ತಿ ಡಿಎನ್‌ಎ) ಮಾಹಿತಿ 2025ರ ಜನವರಿಯಲ್ಲಷ್ಟೇ ಸಂಶೋಧಕರಿಗೆ ತೆರೆದುಕೊಂಡಿದೆ. ನಮ್ಮಂಥವರ ಲೆಕ್ಕ ಇನ್ನು ಮುಂದೆ ಶುರು. ಆದರೆ "ಬಾಯಿ ಕಟ್ಟಲಿಲ್ಲ" ಅನ್ನುವ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಅಪ್ಪಯ್ಯನಿಗೆ ವರ್ಷಗಟ್ಟಲೆ ಬರೀ ರಕ್ತದ ಸಕ್ಕರೆ ನೋಡಿದರು, ಯಾವಾಗಲಾದರೊಮ್ಮೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ. ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಸರಿಯಾಗೇ ಕಾಣಬಹುದು. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆಯನ್ನು ಯಾರೂ ಬರೆದುಕೊಡಲಿಲ್ಲ. ಒಂದು ಪುಟ್ಟ ಡಬ್ಬಿ ಮೂತ್ರ ಕೊಟ್ಟರೆ ಮುಗೀತು, ಅಷ್ಟೇ.

ಕಳೆದ ವಾರ ನಾನೇ ಕೇಳಿ ಮಾಡಿಸಿಕೊಂಡೆ. 30ರ ಒಳಗಿರಬೇಕು, ನನ್ನದು 46 ಬಂತು. ಜ್ವರ, ಸೋಂಕು ಇದ್ದರೂ ಏರುತ್ತದೆ, ಮೂರು ತಿಂಗಳಲ್ಲಿ ಇನ್ನೊಮ್ಮೆ ನೋಡೋಣ ಅಂದರು ಡಾಕ್ಟರ್. ಬಿಪಿ ಮಾತ್ರೆ ಬದಲಾಯಿಸಿದರು.

ಮಿನೆಸೋಟಾದ ಲೆಕ್ಕ ನೆನಪಾಗಿ ಆವತ್ತೇ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಸಕ್ಕರೆ ಬಂದು ಆರು ವರ್ಷ. "ಸುಮ್ನೆ ಹೆದರಿಸಬೇಡ ಅಕ್ಕಾ, ಕೊಯ್ಲು ಮುಗೀಲಿ" ಅಂದ. ಸೋಮವಾರ ಬೆಳಗಿನ ಬಸ್ಸಿಗೆ ಊರಿಗೆ ಹೋಗುತ್ತಿದ್ದೇನೆ. ಡಬ್ಬಿ ಚೀಲದಲ್ಲೇ ಇದೆ.